ಕತೆಯ ಕ್ಯಾಪ್ಟನ್‌ಗೆ ಎತ್ತಂಗಡಿ, ನಿಜದ ಜನರಲ್‌ಗೆ ಬಡ್ತಿ

ಮೊನ್ನೆ ರಾಜಘಟ್ಟದ ಮನೆಯಲ್ಲಿ ಕೂತು ಪೆರುವಿನ ಸ್ಪ್ಯಾನಿಷ್ ಸಿನಿಮಾ ‘ಪಾಂತಲಿಯೋನ್ ಇ ಲಾಸ್ ವಿಸಿತಾದೋರಾಸ್’ ನೋಡಿದೆ. ಮಾರಿಯೋ ವರ್ಗಾಸ್ ಯೋಸಾ 1973ರಲ್ಲಿ ಪ್ರಕಟಿಸಿದ ವಿಡಂಬನೆ ಕಾದಂಬರಿಯನ್ನು ಫ್ರಾನ್ಸಿಸ್ಕೋ ಲೊಂಬಾರ್ಡಿ ತೆರೆಗೆ ತಂದಿದ್ದಾರೆ. ಅಮೆಜಾನ್ ಕಾಡಿನ ಸೈನಿಕರಿಗೆ ಲೈಂಗಿಕ ವೃತ್ತಿಯ ಹೆಂಗಸರನ್ನು ಗುಟ್ಟಾಗಿ ಒದಗಿಸುವ ಡ್ಯೂಟಿ ಒಬ್ಬ ಶಿಸ್ತಿನ ಕ್ಯಾಪ್ಟನ್ ಹೆಗಲಿಗೆ ಬೀಳುತ್ತೆ. ಆತ ರೇಷನ್ ಲೆಕ್ಕದಷ್ಟೇ ಅಚ್ಚುಕಟ್ಟಾಗಿ ಹೆಂಗಸರ ಲೆಕ್ಕ ಇಡ್ತಾನೆ. ನಗು ಬಂತು. ಆದರೆ ಇಂಥದ್ದೇ ಲೆಕ್ಕ ನಮ್ಮ ನೆಲದಲ್ಲೂ ನಡೆದಿತ್ತಲ್ಲ ಅಂತ ನೆನಪಾಗಿ ನಗು ನಿಂತಿತು. ಆ ಲೆಕ್ಕದ ಹಿಂದಿದ್ದ ಹೆಸರು ಫ್ರೆಡರಿಕ್ ರಾಬರ್ಟ್ಸ್.

ರಾಬರ್ಟ್ಸ್ ಹುಟ್ಟಿದ್ದು 1832ರಲ್ಲಿ, ಕಾನ್ಪುರದಲ್ಲಿ. 1857ರ ಬಂಡಾಯ ಹತ್ತಿಕ್ಕಿದ ಪಡೆಯಲ್ಲಿದ್ದು ವಿಕ್ಟೋರಿಯಾ ಕ್ರಾಸ್ ಗಿಟ್ಟಿಸಿದ. 1880ರಲ್ಲಿ ಕಾಬೂಲ್‌ನಿಂದ ಕಂದಹಾರ್‌ಗೆ ಸೈನ್ಯ ನಡೆಸಿ ಇಂಗ್ಲೆಂಡಿನ ಕಣ್ಮಣಿಯಾದ. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ಮುಖ್ಯಸ್ಥ. ನಮ್ಮ ಬೆಂಗಳೂರು ಕಂಟೋನ್ಮೆಂಟ್ ಆ ಸೈನ್ಯದ ದೊಡ್ಡ ನೆಲೆ. ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ ಅನ್ನೋ ಮಾತು ಹಬ್ಬಿಸಿದವರಲ್ಲಿ ಈತ ಮುಖ್ಯ. 1885ರಲ್ಲಿ ಇಡೀ ಭಾರತದ ಸೈನ್ಯಕ್ಕೆ ದಂಡನಾಯಕನಾದ.

1886ರ ಜೂನ್‌ನಲ್ಲಿ ಆತನ ಅಧಿಕಾರದಡಿ ಕಂಟೋನ್ಮೆಂಟ್‌ಗಳಿಗೆ ಒಂದು ಸುತ್ತೋಲೆ ಹೊರಟಿತು. ರೆಜಿಮೆಂಟಿನ ಬಜಾರುಗಳಲ್ಲಿ ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿರಬೇಕು, ನೋಡಲು ಚೆನ್ನಾಗಿರಬೇಕು, ಅವರಿಗೆ ಮನೆ ಕೊಡಬೇಕು ಅನ್ನೋದು ಅದರ ತಾತ್ಪರ್ಯ. ಕಾಳಜಿ ಇದ್ದದ್ದು ಬಿಳಿ ಸೈನಿಕರ ಗುಹ್ಯರೋಗದ ಬಗ್ಗೆ. ನೋಂದಣಿ, ತಪಾಸಣೆ, ಬಂದೀಖಾನೆಯಂಥ ‘ಲಾಕ್ ಆಸ್ಪತ್ರೆ’ ಎಲ್ಲ ಹೆಂಗಸರ ಪಾಲಿಗೆ.

1888ರಲ್ಲಿ ಬ್ರಿಟಿಷ್ ಸಂಸತ್ತು ಈ ಪದ್ಧತಿ ವಿರುದ್ಧ ನಿರ್ಣಯ ಮಾಡಿತು. ನಿಜವಾಗಿ ನಿಂತಿದೆಯಾ ಅಂತ ನೋಡೋಕೆ ಕ್ಯಾಥರೀನ್ ಬುಶ್ನೆಲ್, ಎಲಿಜಬೆತ್ ಆಂಡ್ರೂ ಎಂಬ ಅಮೆರಿಕದ ಇಬ್ಬರು ಮಹಿಳೆಯರು 1891-92ರಲ್ಲಿ ಉತ್ತರದ ಕಂಟೋನ್ಮೆಂಟ್‌ಗಳನ್ನು ಸುತ್ತಿ ಆ ಹೆಂಗಸರನ್ನೇ ಮಾತಾಡಿಸಿದರು. ನಿಂತಿರಲಿಲ್ಲ. 1893ರಲ್ಲಿ ವಿಷಯ ಲಂಡನ್ನಿನಲ್ಲಿ ಸ್ಫೋಟಿಸಿದಾಗ ರಾಬರ್ಟ್ಸ್ ಮೊದಲು ಅಲ್ಲಗಳೆದ. ಸಾಕ್ಷ್ಯ ಗಟ್ಟಿಯಾದ ಮೇಲೆ ಕ್ಷಮೆ ಕೇಳಿದ. ಕೇಳಿದ್ದು ಆ ಇಬ್ಬರ ಬಳಿ, ಬಜಾರಿನ ಹೆಂಗಸರ ಬಳಿ ಅಲ್ಲ.

ಕಾದಂಬರಿಯಲ್ಲಿ ಗುಟ್ಟು ರಟ್ಟಾದಾಗ ಕ್ಯಾಪ್ಟನ್‌ಗೆ ದೂರದ ಚಳಿ ಸೀಮೆಗೆ ಎತ್ತಂಗಡಿ. ರಾಬರ್ಟ್ಸ್‌ಗೆ 1895ರಲ್ಲಿ ಫೀಲ್ಡ್ ಮಾರ್ಷಲ್ ಪದವಿ. 1914ರ ನವೆಂಬರಿನಲ್ಲಿ ಭಾರತೀಯ ಸೈನಿಕರನ್ನು ನೋಡಲು ಫ್ರಾನ್ಸಿಗೆ ಹೋಗಿದ್ದಾಗ ಸತ್ತ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಣ್ಣಾದ.

ಈತನನ್ನು ರಾಕ್ಷಸ ಅಂದು ಕೈತೊಳೆದುಕೊಳ್ಳೋದು ಸುಲಭ. ಆದರೆ ಸಾಮಾನ್ಯ ಸಿಪಾಯಿಗಳಿಗೆ ಈತ ಅಚ್ಚುಮೆಚ್ಚು, ಅವರ ಯೋಗಕ್ಷೇಮ ನೋಡಿದವನು. ನನಗೆ ದಿಗಿಲು ಹುಟ್ಟಿಸೋದು ಅದೇ. ಯಾರದೋ ಯೋಗಕ್ಷೇಮದ ಫೈಲಿನಲ್ಲಿ ಇನ್ಯಾರೋ ಸಾಮಾನಿನ ಪಟ್ಟಿ ಸೇರಿಬಿಡ್ತಾರೆ. ಸಹಿ ಹಾಕಿದವನಿಗೆ ಅದು ಬರೀ ಆಡಳಿತ. ಇವತ್ತಿನ ಸುತ್ತೋಲೆಗಳನ್ನೂ ಹಾಗೇ ಓದೋಣ: ಲಾಭ ಯಾರಿಗೆ, ಪಟ್ಟಿಯಲ್ಲಿರೋದು ಯಾರು?