ಬೇಟೆಯ ಹಕ್ಕಿಗಳೂ ಹ್ಯೂಮ್ ಎಂಬ ಅಧಿಕಾರಿಯೂ

ಅಲನ್ ಆಕ್ಟೇವಿಯನ್ ಹ್ಯೂಮ್ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಶಾಲೆಯ ಚರಿತ್ರೆ ಪುಸ್ತಕದ ಒಂದು ಸಾಲು: 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ನಿವೃತ್ತ ಆಂಗ್ಲ ಅಧಿಕಾರಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅದೇ ಹ್ಯೂಮ್ ಈ ದೇಶದ ಬೇಟೆಯ ಹಕ್ಕಿಗಳ ಬಗೆಗೆ ಮೂರು ಸಂಪುಟಗಳ ಗ್ರಂಥವನ್ನು ಹೊರತಂದವರು, ಸುಮಾರು 82 ಸಾವಿರ ಪಕ್ಷಿ ಮಾದರಿಗಳನ್ನು ಕೂಡಿಹಾಕಿದವರು, ಕೊನೆಗೆ ಕೋವಿಯನ್ನೇ ಕೈಬಿಟ್ಟವರು ಎಂಬುದು ನನಗೆ ತಿಳಿದದ್ದು ಸರ್ಕಾರಿ ಸೇವೆಗೆ ಸೇರಿ ಎಷ್ಟೋ ವರ್ಷಗಳಾದ ಮೇಲೆ.

ಹ್ಯೂಮ್ ಜನಿಸಿದ್ದು 1829ರಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರಿ ವೆಚ್ಚದ ಕಾಸುಕಾಸಿಗೂ ಲೆಕ್ಕ ಕೇಳುತ್ತಿದ್ದ ಸುಧಾರಣಾವಾದಿ. ಮಗ ಹೇಲಿಬರಿಯಲ್ಲಿ ಓದಿ, ಅಷ್ಟಿಷ್ಟು ವೈದ್ಯವನ್ನೂ ಕಲಿತು, 1849ರಲ್ಲಿ ಬಂಗಾಳದ ಸಿವಿಲ್ ಸೇವೆಗೆ ಬಂದರು. ಇಟಾವಾ ಜಿಲ್ಲೆಯ ಆಡಳಿತ ಹೊತ್ತಾಗ ಊರೂರಿನಲ್ಲಿ ಉಚಿತ ಪ್ರಾಥಮಿಕ ಶಾಲೆಗಳನ್ನು ತೆರೆಸಿದರು. ಅಬಕಾರಿಯಿಂದ ಬರುವ ಆದಾಯವನ್ನು ಅವರು ಪಾಪದ ಹಣವೆಂದೇ ಬಗೆದಿದ್ದರು. ಅದೇ ಆದಾಯವನ್ನು ನೆಚ್ಚಿ ಆಯವ್ಯಯ ಹೊಂದಿಸುವ ಕಾಲದಲ್ಲಿ ನೌಕರಿ ಮಾಡಿದ ನನ್ನಂಥವರಿಗೆ ಇದನ್ನು ಓದುವಾಗ ಕೊಂಚ ಮುಜುಗರವಾಗುತ್ತದೆ. 1857ರ ದಂಗೆಯಲ್ಲಿ ಅವರ ಮೊದಲ ಪಕ್ಷಿಸಂಗ್ರಹ ಪೂರಾ ನಾಶವಾಯಿತು. ಅವರು ಮತ್ತೆ ಮೊದಲಿನಿಂದ ಆರಂಭಿಸಿದರು.

1867ರಿಂದ 1870ರವರೆಗೆ ಅವರು ಒಳನಾಡು ಸುಂಕ ಇಲಾಖೆಯ ಕಮಿಷನರ್. ಉಪ್ಪಿನ ಕಳ್ಳಸಾಗಣೆ ತಡೆಯಲು ಸಿಂಧೂ ನದಿಯ ಕಡೆಯಿಂದ ಮಹಾನದಿಯವರೆಗೆ ಎಳೆದ ಸುಂಕದ ಗಡಿ ಅದು. ಉದ್ದ ಎರಡು ಸಾವಿರ ಮೈಲಿಗೂ ಹೆಚ್ಚು, ಕಾವಲಿಗೆ ಸುಮಾರು 12 ಸಾವಿರ ಜನ, ಬಹಳಷ್ಟು ಕಡೆ ಮುಳ್ಳುಬೇಲಿಯೇ ಗೋಡೆ. ಬಡವನ ಗಂಜಿಯ ಉಪ್ಪಿಗೆ ತೆರಿಗೆ ವಸೂಲು ಮಾಡಲು ಇಷ್ಟು ದೊಡ್ಡ ಯಂತ್ರವನ್ನು ಜಗತ್ತಿನಲ್ಲಿ ಬೇರಾರೂ ಕಟ್ಟಿರಲಿಕ್ಕಿಲ್ಲ. ಆ ಬೇಲಿಯನ್ನು ಹುರುಪಿನಿಂದ ಬೆಳೆಸಿದವರೂ ಹ್ಯೂಮ್. ರಾಜಸ್ಥಾನದ ಉಪ್ಪಿನ ಮೂಲಗಳನ್ನು ಸರ್ಕಾರದ ಹಿಡಿತಕ್ಕೆ ತರುವ ಒಪ್ಪಂದಗಳ ಮೂಲಕ ಮುಂದೆ ಅದು ಬೇಡವಾಗುವಂತೆ ಮಾಡಿದವರಲ್ಲಿಯೂ ಹ್ಯೂಮ್ ಇದ್ದರು. 1879ರಲ್ಲಿ ಅದು ರದ್ದಾಯಿತು. ಈ ಗಡಿಯ ಉದ್ದಕ್ಕೂ ಕುದುರೆ, ಒಂಟೆಗಳ ಮೇಲೆ ತಿರುಗುತ್ತ ಅವರು ಹಕ್ಕಿಗಳನ್ನು ನೋಡಿದರು, ಹೊಡೆದರು, ಟಿಪ್ಪಣಿ ಬರೆದುಕೊಂಡರು.

1870ರ ದಶಕದ ಆರಂಭದಲ್ಲಿ ಅವರು ಹಕ್ಕಿಗಳಿಗೆಂದೇ ಒಂದು ಪತ್ರಿಕೆ ಆರಂಭಿಸಿದರು. ದೇಶದ ಮೂಲೆಮೂಲೆಯ ಕಲೆಕ್ಟರುಗಳು, ಸೈನಿಕರು, ತೋಟದ ಯಜಮಾನರು ಅದಕ್ಕೆ ಬರೆದರು. ಮೈಸೂರು ಸಂಸ್ಥಾನದ ಮಂಜರಾಬಾದಿನ, ಅಂದರೆ ಇಂದಿನ ಸಕಲೇಶಪುರ ಸೀಮೆಯ ಹಕ್ಕಿಗಳ ಪಟ್ಟಿಯೊಂದು 1887ರಲ್ಲಿ ಅಚ್ಚಾದದ್ದು ಅದರಲ್ಲಿಯೇ. ಮಾರ್ಷಲ್ ಎಂಬ ಸೇನಾಧಿಕಾರಿಯ ಜೊತೆ ಸೇರಿ 1879ರಿಂದ 1881ರ ನಡುವೆ ಪ್ರಕಟಿಸಿದ ಬೇಟೆಹಕ್ಕಿಗಳ ಗ್ರಂಥವೂ ಇದೇ ಬಗೆಯ ಪತ್ರವ್ಯವಹಾರದ ಫಲ. ಅದರ ಬಣ್ಣದ ಚಿತ್ರಗಳ ಬಗೆಗೆ ಅವರಿಗೇ ಸಮಾಧಾನವಿರಲಿಲ್ಲ. ಆದರೆ ಹಕ್ಕಿ ಯಾವಾಗ ಓಡುತ್ತದೆ, ಯಾವಾಗ ಅವಿತು ಕೂರುತ್ತದೆ, ಎಷ್ಟು ದೂರಕ್ಕೆ ಎದ್ದು ಹಾರುತ್ತದೆ ಎಂಬುದು ಬೇಟೆಗಾರನ ಕಸುಬಿನ ಜ್ಞಾನ. ಅದನ್ನು ಕೀಳೆಂದು ತಳ್ಳದೆ ಶಾಸ್ತ್ರದ ಪಕ್ಕದಲ್ಲಿ ಕೂರಿಸಿದ್ದು ಹ್ಯೂಮ್ ಅವರ ದೊಡ್ಡಸ್ತಿಕೆ ಎಂದು ನಾನು ತಿಳಿದಿದ್ದೇನೆ.

ಈ ಜ್ಞಾನದ ಬೆಲೆ ನನಗೆ ಅರಿವಾದದ್ದು 1990ರ ದಶಕದಲ್ಲಿ, ದೊಡ್ಡಬಳ್ಳಾಪುರದಲ್ಲಿ ಕೆಲಸ ಮಾಡುತ್ತಿದ್ದಾಗ. ಜಮೀನು ತನಿಖೆಗೆಂದು ಹೋದರೆ ರಾಗಿ ಹೊಲದ ಬದುವಿನಿಂದ ಗೌಜಲ ಹಕ್ಕಿಗಳು ಸಾಲಾಗಿ ಓಡುತ್ತಿದ್ದವು. ಹಾರುತ್ತಿರಲಿಲ್ಲ, ಓಡಿ ಕುರುಚಲು ಪೊದೆ ಸೇರುತ್ತಿದ್ದವು. ಜೊತೆಗಿದ್ದ ಹಿರಿಯ ಗ್ರಾಮ ಸಹಾಯಕರು ಹೇಳಿದ ವಿವರ ಇಂದಿಗೂ ನೆನಪಿದೆ: ಇದನ್ನು ಎರಡು ಮೂರು ಬಾರಿ ಎಬ್ಬಿಸಿ ಹಾರಿಸಿದರೆ ಸಾಕು, ಮತ್ತೆ ಏಳಲಾರದು, ಕೈಯಲ್ಲೇ ಹಿಡಿಯಬಹುದು. ಕೋಳಿಯ ಜಾತಿಯ ಹಕ್ಕಿಗಳ ಎದೆಯ ಮಾಂಸ ಬಿಳುಪಾಗಿರುವುದರ ಕಾರಣವೂ ಅದೇ. ಅದು ಕ್ಷಣಮಾತ್ರದ ರಭಸಕ್ಕೆ ಒದಗುವ ಸ್ನಾಯು, ದೂರದ ಪಯಣಕ್ಕಲ್ಲ. ಹೀಗಾಗಿ ಹಾರಾಟವೆಂಬುದು ಅವುಗಳಿಗೆ ಕೈಯಲ್ಲಿ ಉಳಿದ ಕೊನೆಯ ಕಾಸು. ಮೇಲೆ ಗಿಡುಗ ಸುತ್ತುತ್ತಿದ್ದರೆ ಮಣ್ಣಿನ ಬಣ್ಣದಲ್ಲಿ ಬೆರೆತು ಅಲುಗದೆ ಕೂರುವುದು; ನೆಲದಲ್ಲಿ ಮುಂಗುಸಿ, ಕಾಡುಬೆಕ್ಕು ಬಂದರೆ ಓಡುವುದು; ಎರಡೂ ಸಾಗದಿದ್ದಾಗ ಮಾತ್ರ ಕಾಲಬುಡದಿಂದ ಸಿಡಿದೇಳುವುದು. ಕುರುಚಲು ಕಾಡಿನ ಲಾವಕ್ಕಿಗಳಂತೂ ಒತ್ತೊತ್ತಾಗಿ ಕೂತು, ಶತ್ರು ತೀರಾ ಹತ್ತಿರ ಬಂದಾಗ ದಿಕ್ಕಿಗೊಂದರಂತೆ ಚಿಮ್ಮುತ್ತವೆ. ಯಾವುದನ್ನು ಅಟ್ಟಬೇಕೆಂದು ತೋಳೂ ತಬ್ಬಿಬ್ಬು, ಮನುಷ್ಯನೂ ತಬ್ಬಿಬ್ಬು.

ಕೋವಿ ಬಂದಾಗ ಈ ಲೆಕ್ಕ ಬದಲಾಯಿತು. ಎದ್ದು ಹಾರಿದ ಹಕ್ಕಿ ಸತ್ತಿತು, ಓಡಿದ್ದು, ಅವಿತದ್ದು ಉಳಿಯಿತು. ಇಂಗ್ಲೆಂಡಿನಲ್ಲಿ ಬೇಟೆಗೆಂದು ಸಾಕಿ ಬಿಡುವ ಫೆಸೆಂಟುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಜುಬುರುಕ ಹಕ್ಕಿಗಳೇ ಬೇಟೆಯ ಋತುವನ್ನು ದಾಟಿ ಹೆಚ್ಚಾಗಿ ಬದುಕುತ್ತವೆಂದು ತೋರಿಸಿತು. ಗುಂಡು ಆರಿಸಿ ಕೊಲ್ಲುವುದಿಲ್ಲವೆಂದು ಬೇಟೆಗಾರ ಭಾವಿಸಿದ್ದರೂ ಅದು ಸ್ವಭಾವವನ್ನು ಆರಿಸಿಯೇ ಕೊಲ್ಲುತ್ತದೆ. ನಮ್ಮ ಕಡೆಯ ಉರುಳಿನ ಬೇಟೆ ಇದಕ್ಕಿಂತ ಸೂಕ್ಷ್ಮ. ಪಂಜರದಲ್ಲಿ ಸಾಕಿದ ಗೌಜಲವನ್ನು ಹೊಲದ ಅಂಚಿನಲ್ಲಿಟ್ಟು ಕೂಗಿಸಿದರೆ, ತನ್ನ ಎಲ್ಲೆಯೊಳಗೆ ಅನ್ಯ ಗಂಡು ಬಂದಿತೆಂದು ಕಾಡಿನ ಗಂಡು ಜಗಳಕ್ಕೆ ಓಡಿಬಂದು ಉರುಳಿಗೆ ಬೀಳುತ್ತದೆ. ಇಲ್ಲಿ ಸಾಯುವುದು ಹೆದರುವ ಹಕ್ಕಿಯಲ್ಲ, ತನ್ನ ನೆಲವನ್ನು ಕಾಯುವ ಹಕ್ಕಿ. ಇದಕ್ಕೆ ತದ್ವಿರುದ್ಧವಾದುದನ್ನು ನವಿಲಿನಲ್ಲಿ ನೋಡಬಹುದು. ಜನ ಪೂಜ್ಯವೆಂದು ಬಗೆದು ಮುಟ್ಟದ ಊರುಗಳಲ್ಲಿ ಅದು ಕಣದ ಕಾಳಿಗೆ ನಿರ್ಭಯವಾಗಿ ಬರುತ್ತದೆ, ಹೊಡೆಯುವ ಕಡೆ ಮನುಷ್ಯನ ಸುಳಿವಿಗೇ ಮರೆಯಾಗುತ್ತದೆ. ಘಾಟಿ ಸುಬ್ರಹ್ಮಣ್ಯದ ಸುತ್ತ ಸ್ವಾಮಿಯ ವಾಹನಕ್ಕೆ ಕಲ್ಲೆಸೆಯಲು ಯಾರಿಗೂ ಮನಸ್ಸು ಬಾರದು. ಅಲ್ಲಿನ ನವಿಲಿನ ನಡಿಗೆಯಲ್ಲಿಯೇ ಅದು ಕಾಣುತ್ತಿತ್ತು.

ಅವಿತು ಕೂರುವ ತಂತ್ರ ಎಲ್ಲ ಹಕ್ಕಿಗಳನ್ನೂ ಉಳಿಸಲಿಲ್ಲ. ಹಿಮಾಲಯದ ಬೆಟ್ಟದ ಲಾವಕ್ಕಿ, ತುಳಿಯುವಷ್ಟು ಹತ್ತಿರ ಹೋದರೂ ಹುಲ್ಲಿನಿಂದ ಏಳಲೊಲ್ಲದ ಹಕ್ಕಿ. ಅದರ ಕೊನೆಯ ಮಾದರಿ ದೊರೆತದ್ದು 1876ರಲ್ಲಿ, ನೈನಿತಾಲದ ಬಳಿ. ಹ್ಯೂಮ್ ಗ್ರಂಥದಲ್ಲಿ ಅದಕ್ಕೂ ಜಾಗವಿದೆ. ಗ್ರಂಥ ಅಚ್ಚಾಗುವ ವೇಳೆಗೆ ಹಕ್ಕಿ ಮರೆಯಾಗಿತ್ತು. ಅಂದಿನಿಂದ ಇಂದಿನವರೆಗೆ ಅದನ್ನು ಕಂಡ ಖಚಿತ ದಾಖಲೆಯಿಲ್ಲ.

ಗ್ರಂಥದ ಮೊದಲ ಸಂಪುಟ ಬಂದ ವರ್ಷವೇ, 1879ರಲ್ಲಿ, ಅವರ ನೌಕರಿಯ ಕೊಂಬೆ ಮುರಿಯಿತು. ಕೃಷಿ, ಕಂದಾಯ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದವರನ್ನು ಆ ಹುದ್ದೆಯಿಂದ ತೆಗೆದು ಪ್ರಾಂತೀಯ ಕಂದಾಯ ಮಂಡಳಿಗೆ ಇಳಿಸಲಾಯಿತು. ಮೇಲಿನವರಿಗೆ ಹಿತವಲ್ಲದ ಮಾತನ್ನು ಮುಲಾಜಿಲ್ಲದೆ ಆಡುತ್ತಿದ್ದುದಕ್ಕೆ ಬಂದ ಬಹುಮಾನವೆಂದು ಅನೇಕರು ನಂಬಿದ್ದರು. ಕಡತಗಳಲ್ಲಿ ಬದುಕು ಕಳೆದ ನನಗೆ ನಂಬಲು ಕಷ್ಟವಿಲ್ಲ. ಅದೇ ಹೊತ್ತಿಗೆ ಥಿಯಾಸಫಿಯ ಸಂಪರ್ಕ ಬಂದಿತು. ಮಾಂಸಾಹಾರ ಬಿಟ್ಟರು, ಮಾದರಿಗಾಗಿ ಹಕ್ಕಿ ಕೊಲ್ಲುವುದನ್ನೂ ಬಿಟ್ಟರು. 1882ರಲ್ಲಿ ನಿವೃತ್ತರಾಗಿ ಸಿಮ್ಲಾದಲ್ಲಿದ್ದಾಗ, ಅವರು ಊರಲ್ಲಿಲ್ಲದ ಚಳಿಗಾಲವೊಂದರಲ್ಲಿ ಮನೆಯ ಸೇವಕನೊಬ್ಬ ಅವರ ಹಸ್ತಪ್ರತಿಗಳನ್ನು ಬಜಾರಿನಲ್ಲಿ ರದ್ದಿಯಾಗಿ ತೂಕಕ್ಕೆ ಮಾರಿಬಿಟ್ಟ. ಬರೆಯಬೇಕೆಂದಿದ್ದ ಮಹಾಗ್ರಂಥದ ಸಾಮಗ್ರಿ ಪೊಟ್ಟಣ ಕಟ್ಟಲು ಹೋಯಿತು. 1885ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನವಾಗಿ ಕೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ 72 ಪ್ರತಿನಿಧಿಗಳು ಸೇರಿದರು. ಮುಂದಿನದು ನಮ್ಮ ಪಠ್ಯಪುಸ್ತಕಗಳಲ್ಲಿದೆ.

1894ರಲ್ಲಿ ಇಂಗ್ಲೆಂಡಿಗೆ ಮರಳಿದ ಹ್ಯೂಮ್ ಗಿಡಗಳ ಕಡೆ ತಿರುಗಿ, 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಸ್ಯಶಾಸ್ತ್ರದ ಸಂಸ್ಥೆಯೊಂದನ್ನು ಕಟ್ಟಿ, 1912ರ ಜುಲೈ 31ರಂದು ತೀರಿಕೊಂಡರು. ಭಾರತದಲ್ಲಿ ಕಾಡುಹಕ್ಕಿಗಳ ಬೇಟೆಗೆ ನಿಷಿದ್ಧ ಋತುವನ್ನು ಗೊತ್ತುಮಾಡಲು ಅವಕಾಶ ನೀಡಿದ ಕಾಯ್ದೆ ಬಂದದ್ದೂ ಅದೇ 1912ರಲ್ಲಿ. ಮೈಸೂರು ಸಂಸ್ಥಾನ 1901ರಲ್ಲಿಯೇ ಇಂಥ ಕಾನೂನು ಮಾಡಿ ಮುಂದಿತ್ತು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿ ಉಳಿದಿದ್ದ ಬೇಟೆಯ ಪರವಾನಗಿಗಳನ್ನೂ ತೆಗೆದುಹಾಕಿತು.

ಆದರೂ ದೇವನಹಳ್ಳಿ, ಹೊಸಕೋಟೆಗಳ ಕಡೆ ಮೊನ್ನೆ ಹೋದಾಗ ಗೌಜಲದ ಕೂಗು ಕೇಳಿದ್ದು ಕಡಿಮೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೊಲದ ಬದುಗಳು ಬಡಾವಣೆಯ ಕಾಂಪೌಂಡುಗಳಾಗಿವೆ, ಬೀಡುಬಿದ್ದ ಕುರುಚಲಿನಲ್ಲಿ ಬೀದಿನಾಯಿಗಳ ಹಿಂಡುಗಳಿವೆ. ನೆಲ ಸಮತಟ್ಟು ಮಾಡುವ ಜೆಸಿಬಿಯ ಮುಂದೆ ಮೊಟ್ಟೆಯ ಮೇಲೆ ಅಲುಗದೆ ಕೂತ ಹಕ್ಕಿಗೆ ಏನಾಗುತ್ತದೆಂದು ಅದರ ಚಾಲಕರನ್ನು ಕೇಳಿದರೆ ಹೇಳುತ್ತಾರೆ. ಇದನ್ನು ಬೇಟೆಯೆಂದು ಯಾವ ಕಾಯ್ದೆಯಡಿಯೂ ದಾಖಲಿಸುವ ರೂಢಿಯಿಲ್ಲ. ಭೂಪರಿವರ್ತನೆಯ ಅರ್ಜಿಯ ನಮೂನೆಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಮರಗಳ ಸಂಖ್ಯೆ ಇವಿಷ್ಟಕ್ಕೆ ಅಂಕಣಗಳಿದ್ದವು.