ಮುಮ್ಮಡಿಯವರ ವಿರಾಮಕಾಲ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು 1794ರಲ್ಲಿ ಜನಿಸಿ, ಐದು ವರ್ಷ ತುಂಬುವ ಮೊದಲೇ, 1799ರಲ್ಲಿ ಸಿಂಹಾಸನವನ್ನೇರಿದರು. ನಗರದ ರೈತರ ದಂಗೆಯನ್ನು ನೆಪಮಾಡಿಕೊಂಡು ಇಂಗ್ಲಿಷರು 1831ರಲ್ಲಿ ರಾಜ್ಯಭಾರವನ್ನು ಕಸಿದುಕೊಂಡಾಗ ಅರಸರಿಗೆ ಉಳಿದದ್ದು ಬಿರುದು, ಅರಮನೆ ಮತ್ತು ಬೇಡದ ವಿರಾಮ.

ಅಂತಹ ವಿರಾಮವು ಅನೇಕರನ್ನು ಕೆಡಿಸಿದೆ. ಇವರಾದರೋ ಅದನ್ನು ವಿದ್ಯೆಗೆ ವಿನಿಯೋಗಿಸಿದರು. ಚದುರಂಗದ 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದರಲ್ಲಿಯೂ ಎರಡು ಸಾರಿ ನಿಲ್ಲದೆ ಕುದುರೆಯು ಸುತ್ತಿಬರುವ ಬಂಧಗಳನ್ನು ರಚಿಸಿದರು. ಗಂಜೀಫಾ ಎಲೆಗಳ ಆಟಗಳನ್ನು ಹೊಸದಾಗಿ ಕಲ್ಪಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗದಲ್ಲಿ ವಿವರಿಸಿದರು. ಅವುಗಳಲ್ಲಿ 36 ಎಲೆಗಳ ಆಟವೂ ಉಂಟು, 360 ಎಲೆಗಳದೂ ಉಂಟು. ಎಲೆಗಳಲ್ಲಿ ದೇವತೆಗಳ ಚಿತ್ರಗಳಿರುವುದರಿಂದ ಆಡುವವನಿಗೆ ಪುರಾಣಪರಿಚಯವೂ ಆಗುತ್ತಿದ್ದಿತು.

ಆದರೆ ಆಟವು ಅವರಿಗೆ ರಾಜ್ಯವನ್ನು ಮರೆಸಲಿಲ್ಲವೆಂಬುದನ್ನು ನಾವು ಒತ್ತಿ ಹೇಳುತ್ತೇವೆ. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂಬ ಹಕ್ಕುದಾರಿಕೆಯನ್ನು ಅವರು ಕಡೆಯವರೆಗೂ ಬಿಡಲಿಲ್ಲ. 1868ರಲ್ಲಿ ಅವರು ಸ್ವರ್ಗಸ್ಥರಾದರು. 1881ರಲ್ಲಿ ದತ್ತಪುತ್ರರಾದ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಮರಳಿತು.

ಕಚೇರಿ ಮುಗಿದೊಡನೆ ಹಣ ಕಟ್ಟಿ ಇಸ್ಪೀಟಾಡುತ್ತ ಕಾಲಹರಣ ಮಾಡುವ ಮಹನೀಯರು ಈ ಅರಸರನ್ನು ಒಮ್ಮೆ ನೆನೆಯುವರೆಂದು ನಂಬುತ್ತೇವೆ.