ಎದೆಯ ನೀರು ತೆಗೆಸಿದರೆ ಜೀವಕ್ಕೆ ಅಪಾಯವೇ? ಆ ಭಯ ಕಳೆದ ಡಾಕ್ಟರ್ ಬೌಡಿಚ್

ಮಮದಾಪುರದಿಂದ ಗೋಕಾಕಕ್ಕೋ ಬೆಳಗಾವಿಗೋ ಆಸ್ಪತ್ರೆಗೆ ಹೋದವರಿಗೆ ಎದೆಯಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು ಎಂದು ಡಾಕ್ಟರು ಹೇಳಿದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಸೂಜಿ ಚುಚ್ಚಿದರೆ ಜೀವಕ್ಕೇ ಅಪಾಯ, ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ ಎಂದು ಹೇಳುವವರೂ ಇದ್ದಾರೆ. ಇಂಥದೇ ಭಯ ಒಂದು ಕಾಲದಲ್ಲಿ ಡಾಕ್ಟರುಗಳಿಗೂ ಇತ್ತು. ಅದನ್ನು ಕಳೆದವರಲ್ಲಿ ಮುಖ್ಯರು ಅಮೆರಿಕದ ಹೆನ್ರಿ ಇಂಗರ್ಸಾಲ್ ಬೌಡಿಚ್.

ಬೌಡಿಚ್ ಹುಟ್ಟಿದ್ದು 1808ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂನಲ್ಲಿ. ತಂದೆ ಹೆಸರಾಂತ ಗಣಿತಜ್ಞರು. ಮಗ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ, ಪ್ಯಾರಿಸ್‌ಗೆ ಹೋಗಿ ಎದೆಯ ರೋಗಗಳನ್ನು ಅಭ್ಯಾಸ ಮಾಡಿದರು. ಆಗಿನ್ನೂ ಎಕ್ಸ್‌ರೇ ಇರಲಿಲ್ಲ. ಬೆರಳಿನಿಂದ ಎದೆ ತಟ್ಟಿ, ಸ್ಟೆತೊಸ್ಕೋಪ್ ಇಟ್ಟು ಕೇಳಿ ನೀರಿರುವ ಜಾಗ ಗುರುತಿಸುತ್ತಿದ್ದರು. ತುಂಬಿದ ಕೊಡಕ್ಕೂ ಖಾಲಿ ಕೊಡಕ್ಕೂ ಸದ್ದು ಬೇರೆಯಲ್ಲವೇ, ಹಾಗೆ.

ನೀರು ಎಲ್ಲಿದೆ ಎಂದು ಗೊತ್ತಾದರೂ ತೆಗೆಯುವುದು ಕಷ್ಟವಿತ್ತು. ಪಕ್ಕೆಲುಬುಗಳ ನಡುವೆ ಕೊಯ್ದರೆ ಹೊರಗಿನ ಗಾಳಿ ಒಳನುಗ್ಗುತ್ತಿತ್ತು, ಕೀವಾಗುತ್ತಿತ್ತು. ಹಾಗಾಗಿ ಹೆಚ್ಚಿನ ಸರ್ಜನ್‌ಗಳು ಅದರ ಗೋಜಿಗೇ ಹೋಗುತ್ತಿರಲಿಲ್ಲ. ರೋಗಿಗಳು ಉಸಿರುಗಟ್ಟಿ ಸಾಯುತ್ತಿದ್ದರು.

1850ರಲ್ಲಿ ಡಾ. ಮಾರಿಲ್ ವೈಮನ್ ಸಣ್ಣ ಟೊಳ್ಳು ಸೂಜಿಗೆ ಹೀರುವ ಪಂಪು ಜೋಡಿಸಿ ನೀರು ತೆಗೆದರು. ಕೊಯ್ಯುವುದೂ ಬೇಡ, ಗಾಳಿ ಒಳಹೋಗುವುದೂ ಇಲ್ಲ. ಬೌಡಿಚ್ ಅದೇ ವಿಧಾನವನ್ನು ಮುಂದೆ ನೂರಕ್ಕೂ ಹೆಚ್ಚು ರೋಗಿಗಳಿಗೆ ಬಳಸಿ, ಲೇಖನಗಳಲ್ಲಿ ಬರೆದು ವೈದ್ಯಲೋಕವನ್ನು ಒಪ್ಪಿಸಿದರು. ಉಪಾಯದ ಕೀರ್ತಿಯನ್ನು ಮಾತ್ರ ವೈಮನ್‌ಗೇ ಬಿಟ್ಟರು.

ಗುಲಾಮಗಿರಿಯ ವಿರುದ್ಧವೂ ಹೋರಾಡಿದ ಅವರು, 1863ರಲ್ಲಿ ಅಂತರ್ಯುದ್ಧದಲ್ಲಿ ಮಗನನ್ನು ಕಳೆದುಕೊಂಡರು. ಗಾಯಾಳುಗಳನ್ನು ಸಾಗಿಸಲು ಸರಿಯಾದ ಆಂಬುಲೆನ್ಸ್ ವ್ಯವಸ್ಥೆ ಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. 1892ರಲ್ಲಿ ತೀರಿಕೊಂಡರು.

ಈಗ ವಾಸ್ತವ ತಿಳಿಯೋಣ. ಈ ನೀರು ಇರುವುದು ಶ್ವಾಸಕೋಶದ ಒಳಗಲ್ಲ, ಅದನ್ನು ಸುತ್ತಿರುವ ಎರಡು ತೆಳುಪೊರೆಗಳ ನಡುವೆ. ಇಂದು ಸ್ಕ್ಯಾನ್‌ನಲ್ಲಿ ಜಾಗ ನೋಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕುತ್ತಾರೆ. ರಕ್ತಸ್ರಾವ ಅಥವಾ ಶ್ವಾಸಕೋಶಕ್ಕೆ ಸೂಜಿ ತಾಗುವ ಅಪಾಯ ಇಲ್ಲವೆಂದಲ್ಲ, ಆದರೆ ಅಪರೂಪ. ನೀರು ಮತ್ತೆ ತುಂಬಿದರೆ ಅದಕ್ಕೆ ಕಾರಣ ಸೂಜಿಯಲ್ಲ, ಒಳಗಿನ ರೋಗ. ಕ್ಷಯವೋ, ಹೃದಯದ ತೊಂದರೆಯೋ, ಕ್ಯಾನ್ಸರೋ ಎಂದು ಪತ್ತೆಹಚ್ಚಲು ಆ ನೀರಿನ ಪರೀಕ್ಷೆ ನೆರವಾಗುತ್ತದೆ. ಕ್ಷಯವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ತೆಗೆದುಕೊಂಡರೆ ಗುಣವೂ ಆಗುತ್ತದೆ. ಭಯಪಟ್ಟು ದಿನ ದೂಡುವುದೇ ಹೆಚ್ಚು ಅಪಾಯ.